ಮೀಟರ್ ಬದಲಿಸಿದ ಮೆಕ್ಯಾನಿಕ್

ಆರು ವರ್ಷದ ಹಿಂದೆ ನನಗೆ ಅರವತ್ತೊಂದು. ಕಾಫಿ ಕೊಯ್ಯುವ ಪಿಕಿಂಗ್ ಆಳುಗಳನ್ನು ಎಸ್ಟೇಟಿಗೆ ಬಿಡುವ ಹಳೇ ಡೀಸೆಲ್ ಜೀಪಿನಿಂದಲೇ ನನ್ನ ಊಟ. ಇಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಅದರ ಮೀಟರ್ ಸತ್ತಿದೆ ಎಂದು ನಾಪೋಕ್ಲಿನ ಮೆಕ್ಯಾನಿಕ್ ಬೇರೆ ಮಾಡೆಲಿನದನ್ನು ಕೂರಿಸಿದ. ಮಾತಾಡುವಾಗ ಅವನು ಮುಖ ನೋಡುತ್ತಿರಲಿಲ್ಲ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದ.

ಬೆಟ್ಟ ಹತ್ತುವಾಗ ಇಂಜಿನ್ ಕಾದು ಹಬೆ ಎದ್ದರೂ ಆ ಮೀಟರಿನ ಮುಳ್ಳು ಏಳಲಿಲ್ಲ. ಕೇಳಲು ಹೋದೆ.

"ಎಲ್ಲಾ ಒಂದೇ ಅಕ್ಕ. ಮುಳ್ಳು ನೋಡ್ಕೊಂಡು ಯಾರಾದ್ರೂ ಗಾಡಿ ಓಡಿಸ್ತಾರಾ?" ಎಂದ.

ಅವನ ಸ್ವಂತ ಜೀಪಿನೊಳಗೆ ಇಣುಕಿದೆ. ಅಲ್ಲಿದ್ದ ಮೀಟರಿನ ಗಾಜಿನ ಮೂಲೆಯಲ್ಲಿ, ಪ್ರತಿ ಆಯುಧಪೂಜೆಗೆ ನಾನು ಹಚ್ಚುತ್ತಿದ್ದ ಕುಂಕುಮದ ಕಲೆ ಇತ್ತು.

"ಇದು ಸತ್ತದ್ದಲ್ವಾ?" ಎಂದೆ.

"ಬದುಕಿಸ್ದೆ ಅಕ್ಕ. ಎಲ್ಲಾ ಒಂದೇ."

ಮರುದಿನ ಬೆಳಿಗ್ಗೆ ಆಳುಗಳನ್ನು ಬಿಡಲು ಹೋಗಲಿಲ್ಲ. ಅವನ ಜೀಪಿಗೆ ಅಡ್ಡ ನನ್ನದನ್ನು ನಿಲ್ಲಿಸಿ, ಅವನು ಆ ಮೀಟರ್ ಬಿಚ್ಚಿ ಕೈಗೆ ಕೊಡುವವರೆಗೂ ಅವನ ಸ್ಟೂಲಿನಲ್ಲೇ ಕುಳಿತೆ.