ನಾಶಪಡಿಸಿದ ಕಡತಗಳ ಪಟ್ಟಿ

ಚಿಕ್ಕಮಗಳೂರಿನ ನಮ್ಮ ಕಚೇರಿಯ ರೆಕಾರ್ಡ್ ರೂಮಿಗೆ ಇರುವುದು ಒಂದೇ ಕಿಟಕಿ. ಅದಕ್ಕೂ ಯಾರೋ ಪುಣ್ಯಾತ್ಮರು ಕಬ್ಬಿಣದ ಬೀರು ಅಡ್ಡ ಇಟ್ಟಿದ್ದಾರೆ. ಅಲ್ಲಿಂದ ವರ್ಗಾವಣೆ ಕೊಡಿ ಎಂದು ಕೇಳಿದಾಗಲೆಲ್ಲ, ಹಳೇ ಕಡತ ನಿಮ್ಮ ಕೈಗಲ್ಲದೆ ಬೇರೆಯವರ ಕೈಗೆ ಸಿಗುವುದಿಲ್ಲ ಎಂದು ಹೊಗಳಿ ಹೊಗಳಿಯೇ ಸಾಹೇಬರುಗಳು ನನ್ನನ್ನು ಒಳಗೆ ಕೂಡಿಹಾಕಿದರು. ಹೊಗಳಿಕೆಗೆ ಕರಗುವ ದಡ್ಡತನ ನನ್ನದು, ಯಾರನ್ನು ದೂರಲಿ?

ಆ ಕೋಣೆಯಲ್ಲಿರುವುದು ಹಳೆಯ ಡಿಸ್ಟ್ರಿಕ್ಟ್ ಬೋರ್ಡಿನ ಕಾಗದಗಳು. ಬೋರ್ಡ್ ಎಂದರೆ ಈಗಿನ ಜಿಲ್ಲಾ ಪಂಚಾಯಿತಿಯ ಮುತ್ತಜ್ಜ. ರಸ್ತೆ, ಸೇತುವೆ, ಶಾಲೆ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತಿತ್ತು. ಒಮ್ಮೆ ಕಂಪ್ಯೂಟರ್ ತರಬೇತಿಯಲ್ಲಿ ಇಂಗ್ಲೆಂಡಿನ ಯಾವುದೋ ಕೌಂಟಿ ಕೌನ್ಸಿಲಿನ ದಾಖಲೆಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿದರು. ನನಗೆ ನಗು ಬಂತು. ಅಲ್ಲಿಯೂ ಅದೇ ರಸ್ತೆ, ಅದೇ ಸೇತುವೆ, ಅದೇ ಉಪಸಮಿತಿ, ಮೀಟಿಂಗಿನಲ್ಲಿ ಅದೇ ಜಗಳ. ಆದರೆ ಹಾಳಾದದ್ದನ್ನೂ ಅವರು ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಈ ಸಂಪುಟ ನೀರು ನುಗ್ಗಿ ಹೋಯಿತು, ಈ ಕಟ್ಟನ್ನು ಜಾಗ ಸಾಲದೆ ನಮ್ಮವರೇ ಸುಟ್ಟರು, ಹೀಗೆ. ನಾಶಪಡಿಸಿದ ಕಡತಗಳ ಪಟ್ಟಿ ನಮ್ಮಲ್ಲೂ ಇದೆ, ಹೊರಗೆ ತೋರಿಸುವುದಿಲ್ಲ ಅಷ್ಟೆ. ಕೇಳಿದವರಿಗೆ 'ಲಭ್ಯವಿಲ್ಲ' ಎಂದು ಹಿಂಬರಹ ಕೊಟ್ಟು ಕಳಿಸುತ್ತೇವೆ.

ಕಳೆದ ಮಳೆಗಾಲ ಹಿಡಿಯುವ ಹೊತ್ತಿಗೆ ಆಲ್ದೂರು ಕಡೆಯ ಹೆಂಗಸೊಬ್ಬರು ಬಂದರು. ತೋಟದ ಕೆಲಸದವರು, ನನ್ನದೇ ವಯಸ್ಸು. ಒಂದು ಎಸ್ಟೇಟಿನ ಹಿಂದೆ ಹೊಳೆದಂಡೆಯಲ್ಲಿ ಇವರದೂ ಸೇರಿ ಕೆಲವು ಮನೆಗಳಿವೆಯಂತೆ. ಎಸ್ಟೇಟಿನ ನಡುವೆ ಹಾದುಹೋಗುವ ರಸ್ತೆ ಬಿಟ್ಟರೆ ಅವರಿಗೆ ಬೇರೆ ದಾರಿಯಿಲ್ಲ. ಮೊದಲು ಅಲ್ಲಿ ಉಣುಗೋಲು ಇತ್ತು, ಗಳ ಸರಿಸಿಕೊಂಡು ಯಾರು ಬೇಕಾದರೂ ಹೋಗಬಹುದಿತ್ತು. ತೋಟ ಕೊಂಡ ಹೊಸಬರು ಕಬ್ಬಿಣದ ಗೇಟು ನಿಲ್ಲಿಸಿದರು. ಸಂಜೆ ಆರಕ್ಕೆ ಬೀಗ. ಬೀಗದ ಕೈ ತೋಟದ ಲೆಕ್ಕ ಬರೆಯುವ ರೈಟರ ಜೇಬಿನಲ್ಲಿ, ರೈಟರ ಮನೆ ದೂರದ ವಸ್ತಾರೆಯಲ್ಲಿ. ಇವರ ಮಗಳು ಬಾಣಂತನಕ್ಕೆಂದು ತಾಯಿಮನೆಗೆ ಬಂದಿದ್ದಳು, ಏಳು ತಿಂಗಳ ಬಸುರಿ. ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ ಆಟೋ ಒಳಗೆ ಬರುವ ಹಾಗಿರಲಿಲ್ಲ. ತಾಲ್ಲೂಕು ಕಚೇರಿಯವರು, ಅದು ಬೋರ್ಡಿನ ರಸ್ತೆ ಎನ್ನುವುದಕ್ಕೆ ಕಾಗದ ತನ್ನಿ, ಗೇಟು ತೆಗೆಸುತ್ತೇವೆ ಎಂದಿದ್ದರಂತೆ.

ಹೊಳೆದಂಡೆ ಎಂದ ಕೂಡಲೇ ಯಾವ ರಸ್ತೆಯೆಂದು ನನಗೆ ಗೊತ್ತಾಯಿತು. ಅದು ದಾಖಲಾಗಿದ್ದ ರಿಜಿಸ್ಟರು ಎಲ್ಲಿ ಹೋಯಿತು ಎಂದು ಲೋಕದಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ನಾನು ಈ ಕೋಣೆಗೆ ಬಂದ ಹೊಸತರಲ್ಲಿ ಹಳೆ ಕಡತ ವಿಲೇವಾರಿಯ ಆದೇಶ ಬಂದಿತ್ತು. ಒಂದೊಂದನ್ನೂ ಬಿಚ್ಚಿ ಓದಿ ವರ್ಗ ಹಾಕಬೇಕು. 'ಎ' ಎಂದರೆ ಶಾಶ್ವತ, 'ಡಿ' ಎಂದರೆ ನಾಶಕ್ಕೆ ಒಯ್ಯುವ ಲಾರಿಗೆ. ಮೊದಲ ನಾಲ್ಕು ಹಾಳೆ ನೋಡಿ ವರ್ಗ ಹಾಕುವುದು ನಮ್ಮಲ್ಲಿ ರೂಢಿ. ಆ ರಿಜಿಸ್ಟರಿನ ಮೊದಲ ನಾಲ್ಕು ಹಾಳೆಯಲ್ಲಿ ಜಲ್ಲಿ ಮಣ್ಣಿನ ರಿಪೇರಿ ಬಿಲ್ಲುಗಳನ್ನು ಯಾರೋ ಹೊಲಿದಿದ್ದರು. ಐದನೆಯದನ್ನು ನಾನು ತಿರುಗಿಸಲಿಲ್ಲ. 'ಡಿ' ಎಂದು ಬರೆದು, ರಟ್ಟಿನ ಮೇಲಿದ್ದ ಶೀರ್ಷಿಕೆಯನ್ನು ಅರ್ಥಕ್ಕೆ ಗಮನ ಕೊಡದೆ ಪಟ್ಟಿಗೆ ಇಳಿಸಿ ಸಹಿ ಮಾಡಿದೆ: 'ಆಲ್ದೂರು ಹೋಬಳಿಯ ಬೋರ್ಡ್ ರಸ್ತೆಗಳು, ಹೊಳೆದಂಡೆ ರಸ್ತೆ ಸೇರಿ.' ಲಾರಿ ಹೋದ ಮೇಲೆ ಅದನ್ನು ಮತ್ತೆ ಓದಿದಾಗಲೇ ಅದು 'ಎ' ಆಗಬೇಕಿತ್ತೆಂದು ಹೊಳೆದದ್ದು. ಯಾರಿಗೂ ಹೇಳಲಿಲ್ಲ.

ಈಗ ಆ ರಸ್ತೆಗೆ ಉಳಿದಿರುವ ಸಾಕ್ಷಿ ನನ್ನ ಆ ಒಂದು ಸಾಲು. ಅದರ ನಕಲು ಕೊಟ್ಟರೆ ಶಾಶ್ವತ ದಾಖಲೆಯನ್ನು ನಾಶ ಮಾಡಿದವಳು ನಾನೆಂದು ನಾನೇ ಬರೆದುಕೊಟ್ಟ ಹಾಗೆ. ನಿವೃತ್ತಿಗೆ ಎಂಟು ತಿಂಗಳಿತ್ತು. ವಿಚಾರಣೆ ಶುರುವಾದರೆ ಪೆನ್ಷನ್ ನಿಂತೀತು. ಪಕ್ಕದ ಮೇಜಿನ ಗೆಳತಿಗೆ ಮೊದಲ ಸಲ ಬಾಯಿ ಬಿಟ್ಟೆ.

"ಸುಮ್ನಿರೇ ಮಾರಾಯ್ತಿ," ಎಂದಳು. "ಪೆನ್ಷನ್ ಕೈಗೆ ಬರೋವರೆಗೆ ಆ ಪಟ್ಟಿ ಮುಟ್ಬೇಡ."

ಅತ್ತ ದರಿ, ಇತ್ತ ಪುಲಿ. ನಾನು 'ಲಭ್ಯವಿಲ್ಲ' ಎಂಬ ಹಿಂಬರಹವನ್ನೇ ಬರೆದೆ. ಆ ಹೆಂಗಸು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಮಡಚಿಟ್ಟುಕೊಂಡು, ತುಂಬಾ ಉಪಕಾರವಾಯಿತು ಎಂದು ಕೈ ಮುಗಿದು ಹೋದರು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಆಮೇಲೆ ದಿನಾ ಬೆಳಿಗ್ಗೆ ಆ ಕೋಣೆಯ ಬಾಗಿಲು ತೆಗೆಯುವಾಗ ಅವರು ಕೈ ಮುಗಿದದ್ದೇ ಕಣ್ಣಿಗೆ ಕಟ್ಟುತ್ತಿತ್ತು. ರಜೆ ಹಾಕಿ ಮನೆಯಲ್ಲಿ ಕೂತರೂ ಅದು ಬಿಡಲಿಲ್ಲ.

ತಿಂಗಳು ಕಳೆದು ಅವರು ಮತ್ತೆ ಬಂದರು. ಲಭ್ಯವಿಲ್ಲ ಎಂದರೆ ರಸ್ತೆಯೇ ಇರಲಿಲ್ಲ ಎಂದರ್ಥ ಎಂದು ಎಸ್ಟೇಟಿನವರು ನನ್ನ ಹಿಂಬರಹವನ್ನೇ ತೋರಿಸಿ ವಾದಿಸಿದ್ದರಂತೆ. ಮಗಳು ಹೇಗಿದ್ದಾಳೆ ಎಂದು ಕೇಳಿದೆ.

"ಕಳಸಕ್ಕೆ ಕಳಿಸ್ದೆ ಮೇಡಮ್ಮೋರೆ, ನಮ್ಮೋರೊಬ್ರ ಮನೆಗೆ," ಎಂದರು. "ಚೊಚ್ಚಲು. ತಾಯಿಮನೆಗೆ ಅಂತ ಬಂದೋಳನ್ನ ನಾನೇ ಬಸ್ಸು ಹತ್ತಿಸ್ದೆ."

ಎದ್ದು ಹೋಗಿ ಪಟ್ಟಿ ತಂದೆ. ಆ ಹಾಳೆಯ ನಕಲು ತೆಗೆದು, ಈ ರಿಜಿಸ್ಟರು ಇತ್ತು, ತಪ್ಪಾಗಿ ವರ್ಗೀಕರಿಸಿ ನಾಶಕ್ಕೆ ಕಳಿಸಿದವಳು ನಾನು, ಹಿಂದಿನ ಹಿಂಬರಹ ಸರಿಯಲ್ಲ ಎಂದು ಕೆಳಗೆ ಬರೆದು ಮೊಹರು ಒತ್ತಿದೆ. ಗೆಳತಿ ತಲೆ ತಗ್ಗಿಸಿ ಏನೋ ಬರೆಯುತ್ತಿರುವಂತೆ ಮಾಡಿದಳು.

ಅವರು ನಿಧಾನವಾಗಿ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹೋದ್ಸಲ ಬಂದಾಗ್ಲೇ ಗೊತ್ತಿತ್ತಾ ನಿಮ್ಗೆ?"

ಗೊತ್ತಿತ್ತು ಎಂದೆ.

ಅವರು ಬೀರುವಿನಿಂದ ಬೀರುವಿಗೆ ಕಣ್ಣು ಹಾಯಿಸಿದರು. "ಇಲ್ಲ ಅಂತ ನಿಮ್ಮ ಹತ್ರ ಕಾಗ್ದ ಬರೆಸ್ಕೊಂಡು ಇನ್ನೂ ಎಷ್ಟು ಜನ ಹೋಗಿದಾರೆ?"

ನೂರಾರು ಜನ ಹೋಗಿದ್ದರು. ಎಷ್ಟೋ ಸಲ ನಾನು ಎದ್ದು ಹುಡುಕಿಯೂ ಇರಲಿಲ್ಲ.