ಕಿತ್ತು ಹಚ್ಚಿದ ಗಜ್ಜರಿ

ನಮ್ಮ ಪಕ್ಕದ ಖೋಲಿಯ ಬಸಲಿಂಗವ್ವ ವಿಜಯಪುರದ ಕಡೆಯಿಂದ ಮುಂಬಯಿಯ ಭಾಂಡುಪ್‌ಗೆ ಬಂದು, ಕಟ್ಟಡದ ಕೆಲಸದಲ್ಲಿ ಮೂವತ್ತೈದು ವರ್ಷ ಮರಳು ಜರಡಿ ಹಿಡಿದವಳು. ಈಗ ಚಾಳಿನ ಗಚ್ಚಿಯ, ಅಂದರೆ ತಾರಸಿಯ ಮೇಲೆ ಎರಡು ಪೇಂಟ್ ಬಕೆಟ್ ಇಟ್ಟುಕೊಂಡು ಅದನ್ನೇ ಹೊಲ ಎನ್ನುತ್ತಾಳೆ. ನಕ್ಕರೆ ಬೈಗುಳ ಖಚಿತ. ನಾನು ಬೈಸಿಕೊಂಡಿದ್ದೇನೆ.

ಎಳ್ಳ ಅಮಾವಾಸ್ಯೆಗೆ ಅವರ ಕಡೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆ ಮೊದಲ ತುತ್ತು, ಆಮೇಲೆ ಮನೆಯವರ ಊಟ. ಬಸಲಿಂಗವ್ವ ಅದನ್ನು ಮುಂಬಯಿಯಲ್ಲೂ ಬಿಟ್ಟಿಲ್ಲ. ಆದರೆ ಮಗ ಈಶ್ವರ ಮರಾಠಿ ಹುಡುಗಿ ಸ್ನೇಹಲ್‌ಳನ್ನು ತಾನೇ ಮೆಚ್ಚಿ ಮದುವೆಯಾಗಿ ಎರಡು ವರ್ಷ ಕಳೆದರೂ, ಚರಗದ ತಾಟನ್ನು ಸೊಸೆಯ ಕೈಗೆ ಕೊಟ್ಟಿರಲಿಲ್ಲ. ಹುಡುಗಿ ತವರು ಬಿಟ್ಟು ಬಂದವಳು. ತವರಿನವರು ಇವಳ ಫೋನನ್ನೂ ಎತ್ತುವುದಿಲ್ಲ. ಆ ತಾಟಿನ ಕಡೆ ಅವಳು ಆಸೆಯಿಂದ ನೋಡುವುದನ್ನು ನಾನು ಕಂಡಿದ್ದೆ.

ಕಳೆದ ದಸರೆ ಮುಗಿದ ಮೇಲೆ ಬಸಲಿಂಗವ್ವ ಗಜ್ಜರಿ ಬೀಜ ತಂದಳು. ನೀವು ಕ್ಯಾರೆಟ್ ಎನ್ನುವುದು. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಗಿಡ್ಡ ತಳಿ. ಒಂದು ಹರಳೂ ಉಳಿಯದಂತೆ ಮಣ್ಣನ್ನು ಜರಡಿ ಹಿಡಿದು, ಒಂದೇ ಬಕೆಟ್ಟಿಗೆ ಪೊಟ್ಟಣ ಪೂರ್ತಿ ಸುರಿದಳು. ಹಿಂದಿನ ವರ್ಷ ಹೀಗೇ ಮಾಡಿ ನೂಲಿನಂಥ ಗಜ್ಜರಿ ಬೆಳೆದಿದ್ದಳು. ಈ ಸಲ ಪೊಟ್ಟಣದ ಮೇಲಿನ ಮರಾಠಿ ಓದಿದ್ದ ಸ್ನೇಹಲ್, ಅತ್ತೆ ದವಾಖಾನೆಗೆ ಹೋದಾಗ, ಎರಡು ಬೆರಳಿನ ಅಂತರಕ್ಕೊಂದು ಸಸಿ ಉಳಿಸಿ ಮಿಕ್ಕಿದ್ದನ್ನೆಲ್ಲ ಕಿತ್ತಳು.

"ಯಾಕ ಕಿತ್ತಿ? ಅದರಾಗ ಜೀಂವ ಇರಲಿಲ್ಲೇನ?" ಅತ್ತೆ ಗಚ್ಚಿ ಅದುರುವಂತೆ ಕೇಳಿದಳು.

"ಆಈ, ಗರ್ದಿ ಆಗಿತ್ತು. ಲೋಕಲ್ ಟ್ರೇನಿನಾಗ ಆದಂಗ." ಅತ್ತೆಯನ್ನು ಅವಳು ಮರಾಠಿಯಲ್ಲಿ ಅವ್ವ ಎಂದೇ ಕರೆಯುತ್ತಾಳೆ.

ಬಸಲಿಂಗವ್ವ ಬಾಡಿದ ಸಸಿಗಳನ್ನು ಒಂದೊಂದಾಗಿ ಆರಿಸಿ, ಊರಲ್ಲಿ ಮೆಣಸಿನ ಸಸಿ ಹಚ್ಚಿದ ಹಾಗೆ ಇನ್ನೊಂದು ಬಕೆಟ್ಟಿಗೆ ಹಚ್ಚಿದಳು. ಗಜ್ಜರಿ ಹಾಗೆ ಕಿತ್ತು ನೆಡುವ ಬೆಳೆಯಲ್ಲ ಎಂದೆ. ಕೇಳಿದರೆ ತಾನೆ! ಹೆತ್ತವರಿಗೆ ಹೆಗ್ಗಣ ಮುದ್ದು. ಎರಡು ತಿಂಗಳು ಆ ಬಕೆಟ್ಟಿಗೇ ಹೆಚ್ಚಿನ ಉಪಚಾರ. ಸೊಸೆಯೊಡನೆ ಮಾತು ಅಷ್ಟಕ್ಕಷ್ಟೇ.

ಅಮಾವಾಸ್ಯೆಯ ದಿನ ಎಲ್ಲರೂ ಗಚ್ಚಿ ಹತ್ತಿದೆವು. ಸೊಸೆ ಸಸಿ ಕಿತ್ತು ವಿರಳ ಮಾಡಿದ್ದ ಬಕೆಟ್ಟಿನಿಂದ ಬೆರಳುದ್ದದ, ದುಂಡು ದುಂಡನೆಯ ಗಜ್ಜರಿ ಬಂದವು. ಇನ್ನೊಂದರಿಂದ ಬಂದವು ಎರಡು ಕಾಲಿನವು, ಸೊಂಟ ತಿರುಚಿದವು. ಬಸಲಿಂಗವ್ವ ದುಂಡನೆಯವನ್ನು ಸೊಸೆಯ ಮುಂದಿಟ್ಟಳು.

"ನೀ ಮಾಡಿದ್ದ ಖರೇ ಆತು. ಕಿತ್ತು ಹಚ್ಚಿದ್ದು ಸೊಟ್ಟನ ಆಗತೈತಿ ನೋಡವಾ."

ಸ್ನೇಹಲ್ ಅವನ್ನು ಮುಟ್ಟಲಿಲ್ಲ. ಸೊಟ್ಟದೊಂದನ್ನು ಓಢಣಿಯಲ್ಲಿ ಒರೆಸಿ ಕಚ್ಚಿಯೇಬಿಟ್ಟಳು. ಚರಗಕ್ಕೂ ಮೊದಲೇ! ಅವಳು ಕನ್ನಡವನ್ನು ಹುಡುಕಿ ಹುಡುಕಿ ಹೇಳಿದಳು:

"ಆಈ, ಕಿತ್ತು ಹಚ್ಚಿದ್ದೂ ಸೀ ಐತಿ."

ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಚರಗದ ತಾಟನ್ನು ಎತ್ತಿ ಸೊಸೆಯ ಕೈಗಿಟ್ಟಳು.

"ತಗೋ ಮಗಳ, ಈ ವರ್ಷ ನೀನ ಚೆಲ್ಲು. ಮದಲ ಆ ಸೊಟ್ಟ ಬಕೆಟ್ಟಿಗೆ."