ನೀರುಗಂಟಿ ಅಣ್ಣನ ಹೃದಯದ ಗೋಡೆ

ನಮ್ಮಣ್ಣ ಉಚ್ಚೆಂಗಪ್ಪನಂಥ ಮೊಂಡನನ್ನು ಈ ಜನ್ಮದಲ್ಲಿ ನಾನು ಬೇರೆ ನೋಡಿಲ್ಲ. ದಾವಣಗೆರೆಯ ವಿನೋಬನಗರದಲ್ಲಿ ಆಯುಷ್ಯವೆಲ್ಲ ನೀರುಗಂಟಿಯಾಗಿದ್ದವನು. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಇಟ್ಟುಕೊಂಡು ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದೇ ಅವನ ಕೆಲಸ. ನೀರು ತಡವಾದರೆ ಓಣಿಯ ಹೆಂಗಸರು ಅವನ ಮನೆತನವನ್ನೇ ಎತ್ತಿ ಬೈಯುತ್ತಿದ್ದರು, ಅವನು ತುಟಿ ಬಿಚ್ಚುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಅಷ್ಟೇ, ರಸ್ತೆಯಲ್ಲಿ ಎಲ್ಲಾದರೂ ಪೈಪು ಸೋರುತ್ತಿದ್ದರೆ ನಿಂತು ನೋಡದೆ ಮುಂದೆ ಹೋದವನಲ್ಲ.

ಹೋದ ವರ್ಷ ಅವನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಒಂದು ದಿನ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದ. ಹೃದಯದಿಂದ ರಕ್ತ ಹೊರಗೆ ಹೋಗುವ ದಾರಿಯ ಕವಾಟ ಸುಣ್ಣಗಟ್ಟಿ ಬಿರುಸಾಗಿದೆ, ಸರಿಯಾಗಿ ತೆರೆಯುತ್ತಿಲ್ಲ ಎಂದರು ಡಾಕ್ಟರಮ್ಮ. ಈ ವಯಸ್ಸಿನಲ್ಲಿ ಎದೆ ಸೀಳುವುದು ಬೇಡವೆಂದು ತೊಡೆಯ ರಕ್ತನಾಳದೊಳಗಿಂದ ಸಣ್ಣ ಕೊಳವೆ ಕಳಿಸಿ ಹೊಸ ಕವಾಟ ಕೂಡಿಸಿದರು. ಕೆಲವೇ ದಿನಕ್ಕೆ ಎದ್ದು ಓಡಾಡಿದ. ಅವನ ಮನೆಗೆ ಮೆಟ್ಟಿಲು ಹೆಚ್ಚೆಂದು ಮಗ ಸಿದ್ದು ಅವನನ್ನು ಹರಿಹರಕ್ಕೆ, ತಂಗಿಯಾದ ನನ್ನ ಮನೆಗೆ ತಂದು ಬಿಟ್ಟ. ಅಲ್ಲಿಂದ ನನ್ನ ಗೋಳು ಶುರುವಾಯಿತು.

ಮೊದಲ ತಕರಾರು ಹಳೆಯ ಕವಾಟದ್ದು. ಅದನ್ನು ತೆಗೆಯುವುದಿಲ್ಲ, ಹೊಸದು ಅದರೊಳಗೇ ಅರಳಿ ಹಳೆಯದನ್ನು ಪಕ್ಕಕ್ಕೆ ಒತ್ತಿ ಕೂರುತ್ತದೆ ಎಂದು ಡಾಕ್ಟರಮ್ಮ ಮೊದಲೇ ಬಿಡಿಸಿ ಹೇಳಿದ್ದರು. ಮಾತಾಡಿಸಲು ಬಂದವರ ಮುಂದೆಲ್ಲ ಇವನದು, ಹಳೆಯದನ್ನು ಬಿಚ್ಚದೆ ಹೊಸದು ಹಾಕುವವರನ್ನು ನಾನು ಕಂಡಿಲ್ಲ ಎಂದು ಒಂದೇ ರಾಗ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಆದರೂ ಸಂಜೆ ಹೊಳೆಯ ಕಡೆ ನಡೆದು ಬರುತ್ತಿದ್ದ, ಹೊಟ್ಟೆ ತುಂಬ ಉಣ್ಣುತ್ತಿದ್ದ. ಅಷ್ಟಾದರೂ ಇದೆಯಲ್ಲ ಎಂದು ನಾನು ಸುಮ್ಮನಿದ್ದೆ.

ಆರು ತಿಂಗಳಿಗೆ ಮತ್ತೆ ಸ್ಕ್ಯಾನಿಂಗ್ ಮಾಡಿಸಲು ದಾವಣಗೆರೆಗೆ ಹೋದೆವು. ಡಾಕ್ಟರಮ್ಮ ಖುಷಿಯಾಗಿದ್ದರು. ಕಿರಿದಾದ ದಾರಿಯಲ್ಲಿ ರಕ್ತವನ್ನು ವರ್ಷಗಟ್ಟಲೆ ನೂಕಿ ನೂಕಿ ಹೃದಯದ ಗೋಡೆ ದಪ್ಪವಾಗಿತ್ತು, ಈಗ ದಾರಿ ಸಲೀಸಾಗಿದೆ, ಗೋಡೆ ತೆಳುವಾಗುತ್ತ ಬಂದಿದೆ, ಇನ್ನು ಧೈರ್ಯವಾಗಿ ನಡೆಯಿರಿ ಎಂದರು. ನನಗೆ ಅಲ್ಲೇ ಕೈಮುಗಿಯುವಷ್ಟು ಸಂತೋಷವಾಯಿತು. ಇವನು ಮಾತ್ರ ಮನೆಗೆ ಬಂದವನೇ ಮಂಚ ಹತ್ತಿ ಮಲಗಿದ.

ನಾನು ಎರಡು ದಿನ ಕಾಡಿದ ಮೇಲೆ ಬಾಯಿ ಬಿಟ್ಟ. ಒಮ್ಮೆ ವಿನೋಬನಗರದಲ್ಲಿ ಹಳೆಯ ಲೈನಿಗೆ ಹೊಸ ವಾಲ್ವ್ ಹಾಕಿ ಪೂರ್ತಿ ತೆರೆದಾಗ, ತುಕ್ಕು ತಿಂದು ತೆಳುವಾಗಿದ್ದ ಪೈಪು ಒಡೆದು ಬೀದಿಯೆಲ್ಲ ಹೊಳೆಯಾಗಿತ್ತಂತೆ. ತನ್ನ ಎದೆಯೂ ಈಗ ಅದೇ ಲೈನು, ಪ್ರೆಶರ್ ಕಡಿಮೆ ಮಾಡದಿದ್ದರೆ ಒಡೆಯುತ್ತದೆ ಎಂದ. ಪ್ರೆಶರ್ ಕಡಿಮೆ ಮಾಡುವುದೆಂದರೆ ನಡೆಯುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ, ಬಚ್ಚಲಿಗೂ ನನ್ನ ಹೆಗಲು ಹಿಡಿದೇ ಹೋಗುವುದು. ನಾನು ಬೈದರೆ, ಮೆಲ್ಲಗೆ ಬೈ ಎನ್ನುತ್ತಿದ್ದ. ಮೆಲ್ಲಗೆ ಬೈಯುವುದು ನನ್ನಿಂದ ಆಗುವ ಕೆಲಸವೇ?

ಡಾಕ್ಟರಮ್ಮ ಫೋನಿನಲ್ಲಿ ತಿಳಿಹೇಳಿದರು, ಹೀಗೇ ಮಲಗಿದರೆ ಇರುವ ಶಕ್ತಿಯೂ ಹೋಗುತ್ತದೆ ಎಂದು ಗದರಿದರು. ಹೂಂ ಎಂದ, ಏಳಲಿಲ್ಲ. ದಿನ ಕಳೆದಂತೆ ಅವನ ಕಾಲು ಸೊರಗಿದವು, ಊಟ ಇಳಿಯಿತು. ಸಾವಿನ ಬಾಯಿಂದ ಎಳೆದು ತಂದ ಅಣ್ಣ ಏನೂ ಇಲ್ಲದ್ದಕ್ಕೆ ನನ್ನ ಕಣ್ಣೆದುರೇ ಮಲಗಿ ಸಾಯುತ್ತಾನೆ ಎಂದು ನನಗೆ ಭಯ ಹತ್ತಿತು. ಭಯ ಹತ್ತಿದರೆ ನನಗೆ ಬರುವುದು ಸಿಟ್ಟೇ.

ಅವತ್ತು ರೊಟ್ಟಿ ಬಡಿಯುತ್ತಿದ್ದೆ. ಜಗುಲಿಗಾದರೂ ಬಾ ಎಂದು ಕರೆದರೆ, ಇಲ್ಲೇ ಇರಲಿ ಬಿಡು ಎಂದ. ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ ನನ್ನ ಮುದಿ ತೋಳನ್ನು ಅವನ ಮುಖದ ಮುಂದೆ ಹಿಡಿದೆ.

"ನೋಡಿಲ್ಲಿ. ನೀರಿಗೆ ಬೋರಿಂಗ್ ಪಂಪು ಜಗ್ಗಿ ಜಗ್ಗಿ ಈ ತೋಳು ಗಂಡಸರ ತೋಳು ಆಗಿತ್ತೋ ಇಲ್ಲೋ? ಆಮ್ಯಾಲೆ ಮನಿ ಮುಂದೆ ನಳ ಬಂತು, ಜಗ್ಗೋದು ನಿಂತು, ತೋಳು ಇಳೀತು. ಒಡದು ಹೋತೇನು? ನಿನ್ನ ಎದ್ಯಾಗಿರೋದು ಕಬ್ಬಿಣ ಅಲ್ಲ ಅಣ್ಣ, ಮಾಂಸ ಐತೆ. ಕಷ್ಟ ತೀರಿದ್ದಕ್ಕೆ ಇಳಿದೈತೆ."

ಅವನು ಪೈಪಿನ ಜಾಯಿಂಟ್ ಮುಟ್ಟಿ ನೋಡುವ ಹಾಗೆ ಎರಡು ಬೆರಳಿಂದ ನನ್ನ ತೋಳು ಒತ್ತಿ ನೋಡಿದ.

"ಅವತ್ತು ಹೆಣ್ಣು ನೋಡಾಕೆ ಬಂದ ಗಂಡಿನ ಕಡೆಯೋರು ನಿನ್ನ ತೋಳು ನೋಡಿ ನಕ್ಕು ಹೋದ್ರಲ್ಲ ಕೆಂಚವ್ವ," ಎಂದ. "ಇನ್ನ ನೀನು ಬೋರಿಂಗ್ ಜಗ್ಗಬಾರದು ಅಂತ ಮಾರನೆ ದಿನಾನೇ ನಾನು ಮುನಿಸಿಪಾಲಿಟಿಗೆ ಹೋಗಿ ನೀರು ಬಿಡೋ ಕೆಲಸ ಕೇಳಿದ್ದು."

ಆ ಗಂಡಿನ ಕಡೆಯವರನ್ನು ನಾನು ಎಂದೋ ಮರೆತಿದ್ದೆ. ಅಷ್ಟು ಜನರ ಬೈಗುಳ ತಿಂದವನು ಇದೊಂದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನಲ್ಲ, ಪುಣ್ಯಾತ್ಮ. ಬೈಯಲೆಂದು ಬಾಯಿ ತೆರೆದೆ, ಅಳು ಬಂತು.

ಅವನು ಮಂಚದ ಅಂಚು ಹಿಡಿದು ತಾನೇ ಎದ್ದ. ಚಪ್ಪಲಿ ಎಲ್ಲಿ ಎಂದು ಕೇಳಿದ. ಎಲ್ಲಿಗೆ ಹೊರಟೆ ಎಂದರೆ, ಹಿಂದಿನ ಓಣಿಯಲ್ಲಿ ನೀರು ಸೋರುವ ಸದ್ದು ದಿನವೂ ಕೇಳುತ್ತಿದೆ, ಯಾರೂ ನೋಡುವವರಿಲ್ಲ ಎಂದ. ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಸೀಯಲಿ ಎಂದು ಬಿಟ್ಟು ನಾನೂ ಅವನ ಹಿಂದೆ ಹೊರಟೆ.